ನಿಮ್ಮ ಹಳೇ ಬಟ್ಟೆ ನಮಗೆ ಬ್ಯಾಡ್ರಿ



ಒಂದು ವಾರದಿಂದ ನಮ್ಮ ಕಡೆಯ ವಾಟ್ಸಪ್ ಗುಂಪುಗಳಲ್ಲಿ ಒಂದು ಪೋಸ್ಟರ್ ಓಡಾಡ್ತಾ ಇದೆ. ಏಪ್ರಿಲ್ 14ರ ನಿಮಿತ್ತ ಹಳೇ ಬಟ್ಟೆ ಸಂಗ್ರಹ ಅಭಿಯಾನ ಅಂತೆ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ನಾಲ್ಕೂ ತಾಲೂಕಿನಲ್ಲಿ ಮನೆಮನೆಗೆ ಹೋಗಿ ಬಟ್ಟೆ ಕೂಡಿಸಿ, ಜಯಂತಿ ದಿನ ನಮ್ಮ ಕೇರಿಗಳಿಗೆ, ನಮ್ಮ ಹಾಸ್ಟೆಲ್‌ಗಳಿಗೆ ಬಂದು ಹಂಚ್ತಾರಂತೆ. ಪೋಸ್ಟರ್ ಮೇಲೆ ಬಾಬಾಸಾಹೇಬರ ಫೋಟೊ. ಫೋಟೊದಲ್ಲಿ ನೀಲಿ ಸೂಟು, ಕೆಂಪು ಟೈ, ಜೇಬಿನಲ್ಲಿ ಪೆನ್ನು. ಅದರ ಕೆಳಗೆ ದಪ್ಪ ಅಕ್ಷರದಲ್ಲಿ, 'ನಿಮಗೆ ಬೇಡವಾದ ಬಟ್ಟೆ ಇನ್ನೊಬ್ಬರ ಮೈ ಮುಚ್ಚಲಿ'. ಆ ಪೋಸ್ಟರ್ ಮಾಡಿದ ಮನುಷ್ಯ ಫೋಟೊ ಹಚ್ಚುವಾಗ ಒಂದು ಸಲ ಕಣ್ಣು ತೆರೆದು ನೋಡಿದ್ದರೆ ಸಾಕಿತ್ತು, ಕೆಳಗಿನ ಸಾಲು ಬರೆಯೋಕೆ ಕೈ ಬರ್ತಿರಲಿಲ್ಲ.

ನಾನು ಅವರಿಗೆ ಫೋನ್ ಮಾಡಿ ಹೇಳಿದೆ, ನಮ್ಮ ಕೇರಿಗೆ ಬರಬ್ಯಾಡ್ರಿ ಅಂತ. ಅವರು ಸಿಟ್ಟಾಗಲಿಲ್ಲ, ಬೇಜಾರಾದರು. "ನಾವು ಒಳ್ಳೇ ಮನಸ್ಸಿನಿಂದ ಮಾಡ್ತಿದೀವಿ ಸರ್" ಅಂದರು. ಒಳ್ಳೇ ಮನಸ್ಸು ಇದೆ ಅಂತ ನಾನೂ ನಂಬ್ತೀನಿ. ಅದಕ್ಕೇ ಇಷ್ಟುದ್ದ ಬರೀತಾ ಇದೀನಿ. ಕೆಟ್ಟ ಮನಸ್ಸಿನವರಿಗೆ ಬರೆಯೋಕೆ ನನಗೆ ಪುರುಸೊತ್ತಿಲ್ಲ.

ಮೊದಲನೇ ಮಾತು. ಹಳೇ ಬಟ್ಟೆ ನಮಗೆ ಕೊಡಬೇಕು ಅನ್ನೋದು ನಿಮ್ಮ ತಲೆಯಲ್ಲಿ ಹುಟ್ಟಿದ ಹೊಸ ವಿಚಾರ ಅಲ್ಲ. ಅದಕ್ಕೆ ಶಾಸ್ತ್ರ ಐತಿ. ಮನುಸ್ಮೃತಿಯ ಹತ್ತನೇ ಅಧ್ಯಾಯ ತೆಗೀರಿ. 52ನೇ ಶ್ಲೋಕ ಚಂಡಾಲರು ಏನು ಉಡಬೇಕು ಅಂತ ಹೇಳುತ್ತೆ: ಹೆಣದ ಮೇಲಿನ ಬಟ್ಟೆ. 125ನೇ ಶ್ಲೋಕ ಸೇವೆ ಮಾಡುವ ಶೂದ್ರನಿಗೆ ಏನು ಕೊಡಬೇಕು ಅಂತ ಹೇಳುತ್ತೆ: ಉಂಡು ಉಳಿದ ಅನ್ನ, ಉಟ್ಟು ಹಳೇದಾದ ಬಟ್ಟೆ, ಕಾಳಿನ ಹೊಟ್ಟು. ಇದನ್ನೇ ಬಾಬಾಸಾಹೇಬರು 1927ರ ಡಿಸೆಂಬರ್ 25ಕ್ಕೆ ಮಹಾಡಿನಲ್ಲಿ ಸುಟ್ಟದ್ದು. ಸುಟ್ಟ ಪುಸ್ತಕದ ಶ್ಲೋಕವನ್ನ ಸುಟ್ಟವರ ಹುಟ್ಟುಹಬ್ಬದ ದಿನವೇ ಜಾರಿ ಮಾಡ್ತೀವಿ ಅಂದರೆ ನಾವು ಏನನ್ನಬೇಕು ಹೇಳ್ರಿ.

ನಮ್ಮ ಅಜ್ಜಿ ಹೇಳ್ತಿದ್ಲು. ದೀಪಾವಳಿಗೆ ದೊಡ್ಡಮನಿಯಿಂದ ಒಂದು ಹಳೇ ಸೀರೆ ಬರೋದು. ಕೊಡೋಕಿಂತ ಮೊದಲು ಒಳಗೆ ಕೂತು ಅದರ ಜರಿ ಅಂಚನ್ನ ಕತ್ತರಿಯಿಂದ ಕತ್ತರಿಸಿ ತೆಗೀತಿದ್ರಂತೆ. ಜರಿ ರೊಕ್ಕಕ್ಕೆ ಅಂತ ಅಜ್ಜಿ ತಿಳ್ಕೊಂಡಿದ್ಲು. ಇರಬಹುದು. ಆದರೆ ಅಂಚೇ ಇಲ್ಲದ ಹತ್ತಿ ಸೀರೆಯ ಬಣ್ಣದ ಪಟ್ಟಿನೂ ಕತ್ತರಿಸಿ ಕೊಡ್ತಿದ್ರು ಅಂತ ಆಮೇಲೆ ಅವಳೇ ಹೇಳಿದ್ಲು. ಅದಕ್ಕೆ ಏನು ರೊಕ್ಕ ಬರ್ತೈತಿ?

ನಾನು ಬಿ.ಎ. ಓದುವಾಗ 'ಜಾತಿ ವಿನಾಶ' ಓದಿದೆ. 1936ರ ಪುಸ್ತಕ. ಅದರಲ್ಲಿ ಬಾಬಾಸಾಹೇಬರು ಇಂದೋರ್ ಸೀಮೆಯ ಬಲಾಯಿ ಅನ್ನೋ ಅಸ್ಪೃಶ್ಯರ ವಿಷಯ ಬರೀತಾರೆ. 1928ರಲ್ಲಿ ಪೇಪರಿನಲ್ಲಿ ಬಂದ ಸುದ್ದಿ ಅದು. ಅಲ್ಲಿನ ಮೇಲ್ಜಾತಿಯವರು ಬಲಾಯಿಗಳಿಗೆ ಷರತ್ತು ಹಾಕ್ತಾರೆ. ಜರಿ ಅಂಚಿನ ರುಮಾಲು ಸುತ್ತಬಾರದು. ಬಣ್ಣದ ಅಂಚಿನ ಧೋತ್ರ ಉಡಬಾರದು. ಹೆಂಗಸರು ಚಂದದ ಲಂಗ, ಕುಪ್ಪಸ ತೊಡಬಾರದು. ಒಪ್ಪದಿದ್ದಾಗ ಬಾವಿ ಬಂದ್, ದನ ಮೇಯಿಸೋದು ಬಂದ್, ಹೊಲಕ್ಕೆ ಹೋಗುವ ದಾರಿ ಬಂದ್. ಓದಿದ ದಿನ ನನಗೆ ಅಜ್ಜಿಯ ಸೀರೆಯ ಲೆಕ್ಕ ಬಗೆಹರೀತು. ಇಂದೋರಿಗೂ ನಮ್ಮ ಹಾನಗಲ್ಲಿಗೂ ಬಸ್ಸು ಇರಲಿಲ್ಲ, ಫೋನು ಇರಲಿಲ್ಲ. ಆದರೂ ಇಬ್ಬರಿಗೂ ಅಂಚಿನ ಮೇಲೇ ಕಣ್ಣು! ಅದೇ ಕಾಲಕ್ಕೆ, 1930ರಲ್ಲಿ, ತಮಿಳು ಸೀಮೆಯ ರಾಮನಾಡಿನಲ್ಲಿ ಆದಿದ್ರಾವಿಡರಿಗೆ ಎಂಟು ನಿಷೇಧ ಹಾಕಿದರು. ಗಂಡಸರ ಬಟ್ಟೆ ಮೊಣಕಾಲಿನ ಕೆಳಗೆ ಇಳೀಬಾರದು, ಸೊಂಟದ ಮೇಲೆ ಏರಬಾರದು ಅನ್ನೋದು ಅದರಲ್ಲೊಂದು. ತಿರುವಾಂಕೂರಿನಲ್ಲಿ ನಾಡಾರ್ ಹೆಣ್ಣುಮಕ್ಕಳು ಎದೆ ಮುಚ್ಚಿಕೊಳ್ಳೋಕೆ ಹತ್ತಾರು ವರ್ಷ ಬಡಿದಾಡಿ 1859ರಲ್ಲಿ ರಾಜಾಜ್ಞೆ ಪಡೆದರು. ಆ ಆಜ್ಞೆಯಲ್ಲೂ ಒಂದು ಕೊಕ್ಕೆ ಇತ್ತು: ಮುಚ್ಚಿಕೊಳ್ಳಿ, ಆದರೆ ಮೇಲ್ಜಾತಿಯ ಹೆಂಗಸರ ಹಾಗೆ ಮುಚ್ಚಿಕೊಳ್ಳಬ್ಯಾಡ್ರಿ.

ಇದೆಲ್ಲಾ ಹಳೇ ಕತೆ, ಈಗ ಯಾರು ಬಟ್ಟೆ ನೋಡ್ತಾರೆ ಅಂತೀರಾ? ದೌರ್ಜನ್ಯ ತಡೆ ಕಾಯ್ದೆ 1989ರದ್ದು. ಅದಕ್ಕೆ 2015ರಲ್ಲಿ ತಿದ್ದುಪಡಿ ಆಯಿತು, 2016ರ ಜನವರಿ 26ರಿಂದ ಜಾರಿಗೆ ಬಂತು. ಆ ತಿದ್ದುಪಡಿಯಲ್ಲಿ ಕಲಂ 3(1)(ಝಡ್‌ಎ) ಅಂತ ಒಂದಿದೆ. ನಮ್ಮ ಎಷ್ಟೋ ಕಾರ್ಯಕರ್ತರೇ ಅದನ್ನ ಪೂರ್ತಿ ಓದಿಲ್ಲ, ಓದ್ರಿ. ಎಸ್‌ಸಿ, ಎಸ್‌ಟಿ ಜನ ಸಾರ್ವಜನಿಕ ಜಾಗದಲ್ಲಿ ಸೈಕಲ್, ಬೈಕ್ ಹತ್ತೋದನ್ನ ತಡೆದರೆ, ಚಪ್ಪಲಿ ಮೆಟ್ಟೋದನ್ನ ತಡೆದರೆ, ಹೊಸ ಬಟ್ಟೆ ತೊಡೋದನ್ನ ತಡೆದರೆ ಅಪರಾಧ. ಕನಿಷ್ಠ ಆರು ತಿಂಗಳು, ಹೆಚ್ಚೆಂದರೆ ಐದು ವರ್ಷ ಜೈಲು. 'ಹೊಸ ಬಟ್ಟೆ' ಅನ್ನೋ ಶಬ್ದವನ್ನೇ ಕಾಯ್ದೆಯಲ್ಲಿ ಬರೆದಿದ್ದಾರೆ. ದೇಶದ ಸಂಸತ್ತು ಇಪ್ಪತ್ತೊಂದನೇ ಶತಮಾನದಲ್ಲಿ ಕೂತು, ಈ ಜನಕ್ಕೆ ಹೊಸ ಅಂಗಿ ಹಾಕ್ಕೊಳ್ಳೋಕೆ ಕಾನೂನಿನ ಕಾವಲು ಬೇಕು ಅಂತ ತೀರ್ಮಾನ ಮಾಡಿದೆ. ಸುಮ್ಮನೆ ಮಾಡಿಲ್ಲ. 2023ರಲ್ಲಿ ಗುಜರಾತಿನ ಬನಾಸಕಾಂಠಾ ಜಿಲ್ಲೆಯಲ್ಲಿ ಒಬ್ಬ ದಲಿತ ಹುಡುಗ ಒಳ್ಳೇ ಬಟ್ಟೆ ಹಾಕಿ, ಕೂಲಿಂಗ್ ಗ್ಲಾಸ್ ಏರಿಸಿದ ಅಂತ ಹೊಡೆದರು. ತಿದ್ದುಪಡಿ ಜಾರಿಯಾಗಿ ಏಳು ವರ್ಷ ಆಗಿತ್ತು.

ನಮ್ಮ ಸೀಮೆಗೇ ಬರ್ರಿ. ಹಾನಗಲ್ ದಾಟಿ ಆನವಟ್ಟಿ ಮೇಲೆ ಹೋದರೆ ಸೊರಬ ತಾಲೂಕು, ಅಲ್ಲಿ ಚಂದ್ರಗುತ್ತಿ. ಬೆತ್ತಲೆ ಸೇವೆ ಹೆಸರಲ್ಲಿ ನಮ್ಮ ಹೆಣ್ಣುಮಕ್ಕಳನ್ನ ಬಟ್ಟೆ ಬಿಚ್ಚಿಸಿ ಗುಡ್ಡ ಹತ್ತಿಸ್ತಿದ್ದ ಜಾತ್ರೆ. 1986ರ ಮಾರ್ಚ್‌ನಲ್ಲಿ ದಲಿತ ಸಂಘರ್ಷ ಸಮಿತಿಯವರು ಅಲ್ಲಿಗೆ ಹೋದರು, ಬ್ಯಾಡ್ರಿ, ಬಟ್ಟೆ ಉಟ್ಟೇ ದೇವರಿಗೆ ಹೋಗ್ರಿ ಅಂತ ಹೇಳೋಕೆ. ಏನಾಯ್ತು? ಕಾರ್ಯಕರ್ತರ ಬಟ್ಟೆ ಬಿಚ್ಚಿದರು. ಪೊಲೀಸರ ಬಟ್ಟೆನೂ ಬಿಚ್ಚಿ, ಹೆಣ್ಣು ಪೊಲೀಸರು ಅನ್ನೋದನ್ನೂ ನೋಡದೆ ಬೆತ್ತಲೆ ಮೆರವಣಿಗೆ ಮಾಡಿದರು. ಆಗ ಸರ್ಕಾರಕ್ಕೆ ಎಚ್ಚರ ಆಯಿತು, ನಿಷೇಧ ಬಂತು. ನೂರಾರು ವರ್ಷ ನಮ್ಮ ಅವ್ವಂದಿರು ಬೆತ್ತಲೆ ಹೋಗೋವಾಗ ಅದು ಭಕ್ತಿ ಆಗಿತ್ತು. ಖಾಕಿ ಬಿಚ್ಚಿದ ಮೇಲೆ ಅದು ಕಾನೂನು ಸುವ್ಯವಸ್ಥೆ ಆಯಿತು.

ಇನ್ನು ಸವಣೂರು. 2010ರ ಜುಲೈನಲ್ಲಿ ಭಂಗಿ ಸಮುದಾಯದವರು ಮನೆ ಖಾಲಿ ಮಾಡಿಸ್ತಾರೆ ಅಂತ ಪುರಸಭೆ ಮುಂದೆ ಮೈಮೇಲೆ ಮಲ ಸುರಿದುಕೊಂಡರು. ಬಸವಲಿಂಗಪ್ಪನವರು ಮಂತ್ರಿ ಆಗಿದ್ದಾಗಲೇ, ಎಪ್ಪತ್ತರ ದಶಕದಲ್ಲೇ, ತಲೆ ಮೇಲೆ ಮಲ ಹೊರೋದು ಬಂದ್ ಆಗಬೇಕು ಅಂತ ಆದೇಶ ಆಗಿದ್ದ ರಾಜ್ಯ ಇದು. ಆ ಫೋಟೊ ದೇಶ ಎಲ್ಲಾ ನೋಡಿತು. ನಮ್ಮವರು ತೊಳೆದ ಅಂಗಿ ಹಾಕ್ಕೊಂಡು ಕೈಯಲ್ಲಿ ಅರ್ಜಿ ಹಿಡ್ಕೊಂಡು ನಿಂತ ಫೋಟೊ ಯಾರಿಗೂ ನೆನಪಿರೋದಿಲ್ಲ. ಹೊಲಸಿನಲ್ಲಿ ನಿಂತಾಗ ಮಾತ್ರ ನಾವು ಕಾಣ್ತೀವಿ. ಹರಿದ ಬಟ್ಟೆ ಹಾಕ್ಕೊಂಡಾಗ ಮಾತ್ರ ಕರುಣೆ ಬರ್ತೈತಿ. ಹೊಸ ಬಟ್ಟೆ ಹಾಕ್ಕೊಂಡರೆ 'ಇವರಿಗೇನು ಕಡಿಮಿ ಆಗೇತಿ' ಅಂತಾರ.

ನನ್ನ ಆಫೀಸಿನ ಮಾತು ಹೇಳ್ತೀನಿ. ಯಾವ ಆಫೀಸು ಅಂತ ಬೇಡ, ಎಲ್ಲಾ ಆಫೀಸೂ ಅದೇ. ನಾನು ಹೊರಗುತ್ತಿಗೆ ಗುಮಾಸ್ತ. ಪಕ್ಕದ ಟೇಬಲ್ಲಿನವರು ಹೊಸ ಅಂಗಿ ಹಾಕ್ಕೊಂಡು ಬಂದರೆ ಕೇಳೋ ಪ್ರಶ್ನೆ: "ಚಲೋ ಐತ್ರಿ, ಎಲ್ಲಿ ತಗೊಂಡ್ರಿ?" ನಾನು ಹಾಕ್ಕೊಂಡು ಬಂದರೆ ಕೇಳೋ ಪ್ರಶ್ನೆ: "ಏನ್ರೀ, ಜೋರ್ ನಡೆದೈತಿ! ಎಷ್ಟು ಬಿತ್ತು?" ಮೊದಲನೇ ಪ್ರಶ್ನೆ ಅಂಗಡಿ ಬಗ್ಗೆ, ಎರಡನೇ ಪ್ರಶ್ನೆ ನನ್ನ ಬಗ್ಗೆ. ಒಬ್ಬರಂತೂ ನಗ್ತಾ ನಗ್ತಾ ಟೇಬಲ್ ಕೆಳಗೆ ಕೈ ತೋರಿಸಿದರು. ಹೋಗಲಿ, ಹಳೇದು ಹಾಕ್ಕೊಂಡು ಹೋಗೋಣ ಅಂದರೆ ಕೆಲಸಕ್ಕೆ ಬಂದ ಹಳ್ಳಿ ಮಂದಿ ಕುರ್ಚಿಯಲ್ಲಿ ಕೂತಿದ್ದರೂ "ಏ ತಮ್ಮಾ, ಸಾಹೇಬ್ರು ಎಲ್ಲಿದ್ದಾರ ಕರೀ" ಅಂತಾರೆ. ನನಗೆ ನಲವತ್ತಾರು ವರ್ಷ.

ಹಿಂಗಾಗಿ ನಮಗೆ ಬಟ್ಟೆ ಅನ್ನೋದು ಶೋಕಿ ಅಲ್ಲ, ಒಳಗೆ ಹೋಗೋ ಟಿಕೆಟ್ಟು. ಗೌಡರ ಮನಿ ಯಜಮಾನ ಹರಿದ ಬನಿಯನ್ ಮೇಲೆ ಬ್ಯಾಂಕಿಗೆ ಹೋದರೂ ಮ್ಯಾನೇಜರ್ ಎದ್ದು ನಿಲ್ತಾನೆ, ಅವರಿಗೆ ಹೊಲವೇ ಬಟ್ಟೆ. ನಮ್ಮ ಹುಡುಗ ಇಸ್ತ್ರಿ ಮಾಡದ ಅಂಗಿ ಹಾಕಿ ಹೋದರೆ ಲೋನ್ ಅರ್ಜಿ ಕೇಳೋಕಿಂತ ಮೊದಲು ಹೊರಗೆ ನಿಲ್ಲು ಅಂತಾರೆ. ಬಡವರಾದ ನಾವು ಬಟ್ಟೆಗೆ ಯಾಕೆ ಅಷ್ಟು ಖರ್ಚು ಮಾಡ್ತೀವಿ ಅಂತ ಕೇಳುವವರು ಮೊದಲು ಬಾಗಿಲು ಕಾಯೋರನ್ನ ಕೇಳಬೇಕು.

2024ರ ಜುಲೈ ನೆನಪಿರಬೇಕು. ನಮ್ಮ ಹಾವೇರಿ ಜಿಲ್ಲೆಯ ಒಬ್ಬ ಹಿರಿಯ ರೈತರು ಮಗನ ಜೊತೆ ಬೆಂಗಳೂರಿನ ಮಾಲ್‌ಗೆ ಸಿನಿಮಾ ನೋಡೋಕೆ ಹೋದಾಗ, ಪಂಚೆ ಉಟ್ಟಿದ್ದಾರೆ ಅಂತ ಒಳಗೆ ಬಿಡಲಿಲ್ಲ. ವಿಧಾನಸಭೆಯಲ್ಲಿ ಗದ್ದಲ ಆಯಿತು, ಮಾಲ್ ಏಳು ದಿನ ಬಂದ್ ಮಾಡಿಸ್ತೀವಿ ಅಂತ ಮಂತ್ರಿಗಳು ಸದನದಲ್ಲೇ ಹೇಳಿದರು. ಅದಕ್ಕಿಂತ ಐದು ತಿಂಗಳು ಮೊದಲು, ಫೆಬ್ರವರಿಯಲ್ಲಿ, ಬಟ್ಟೆ ಕೊಳಕು ಅಂತ ಒಬ್ಬ ರೈತರನ್ನ ಮೆಟ್ರೊ ಸ್ಟೇಷನ್ನಿನಲ್ಲಿ ತಡೆದಿದ್ದಕ್ಕೆ ಭದ್ರತಾ ಸಿಬ್ಬಂದಿಯನ್ನ ಕೆಲಸದಿಂದ ತೆಗೆದರು. ಎರಡೂ ಸರಿಯಾದದ್ದೇ ಆಯಿತು. ನಾನೂ ಆವತ್ತು ಪೋಸ್ಟ್ ಹಾಕಿದ್ದೆ. ಆದರೆ ಒಂದು ಮಾತು ಕೇಳ್ತೀನಿ. ಪಂಚೆಗೆ ಅವಮಾನ ಆದಾಗ ರಾಜ್ಯ ಎದ್ದು ನಿಲ್ಲುತ್ತೆ, ಯಾಕಂದರೆ ಪಂಚೆ ನಮ್ಮ ಸಂಸ್ಕೃತಿ ಅಂತ ಎಲ್ಲರೂ ಒಪ್ಪಿದ್ದಾರೆ. ಜೀನ್ಸ್ ಪ್ಯಾಂಟು, ಬಿಳಿ ಶೂ ಹಾಕಿದ ಮಾದಿಗರ ಹುಡುಗನನ್ನ ಊರ ಬಾಗಿಲಲ್ಲಿ ತಡೆದಾಗ ಯಾವ ಸದನದಲ್ಲಿ ಗದ್ದಲ ಆಗೇತಿ? ಅವನ ಜೀನ್ಸ್ ಯಾರ ಸಂಸ್ಕೃತಿ?

ಈಗ ನಮ್ಮ ಪ್ರಗತಿಪರ ಗೆಳೆಯರ ಕಡೆ ತಿರುಗ್ತೀನಿ. ಇವರು ಪೋಸ್ಟರ್ ಮಾಡೋರಲ್ಲ, ಇವರದು ಬೇರೆ ಉಪದೇಶ. ಹೋರಾಟಗಾರರು ಸರಳ ಇರಬೇಕು, ಇಷ್ಟು ಬಟ್ಟೆ ಯಾಕೆ, ಇದು ಮಾರುಕಟ್ಟೆಯ ಹುನ್ನಾರ, ಕೊಳ್ಳುಬಾಕತನ. ಹೇಳುವವರ ಮೈಮೇಲೆ ಖಾದಿ ಜುಬ್ಬಾ. ನಾನು ಬೆಲೆ ಕೇಳಿದೀನಿ. ಆ ಒಂದು ಜುಬ್ಬಾದ ದುಡ್ಡಿನಲ್ಲಿ ನನ್ನ ಒಂದು ಜೊತೆ ಅಂಗಿ ಪ್ಯಾಂಟು ಹೊಲಿಗೆ ಸಮೇತ ಆಗ್ತೈತಿ. ಅದು ಮುದುಡಿದರೆ ಬುದ್ಧಿಜೀವಿ, ನನ್ನದು ಮುದುಡಿದರೆ ಕೂಲಿಯವ. 1921ರ ಸೆಪ್ಟೆಂಬರ್‌ನಲ್ಲಿ ಮಧುರೈನಲ್ಲಿ ಗಾಂಧೀಜಿ ಅಂಗಿ ಟೋಪಿ ಬಿಟ್ಟು ತುಂಡು ಪಂಚೆ ಉಟ್ಟರು. ದೇಶ ಕೈಮುಗೀತು. ಬಿಡೋಕೆ ಮೊದಲು ಅವರ ಹತ್ತಿರ ಇತ್ತು, ಬ್ಯಾರಿಸ್ಟರ್ ಕೋಟೂ ಇತ್ತು. ಇಲ್ಲದವ ಏನು ಬಿಡಬೇಕು? ಬಾಬಾಸಾಹೇಬರು ಕೊಲಂಬಿಯಾದಲ್ಲಿ ಓದುವಾಗ ಬಡೋದೆಯ ವಿದ್ಯಾರ್ಥಿವೇತನ ತಿಂಗಳಿಗೆ ಹನ್ನೊಂದೂವರೆ ಪೌಂಡ್. ಅದರಲ್ಲೇ ಊಟ, ಬಾಡಿಗೆ, ಪುಸ್ತಕ, ಮನೆಗೆ ಕಳಿಸೋದು. ಆಮೇಲೆ ಅವರು ತೊಟ್ಟ ಕೋಟು ಕೊಳ್ಳುಬಾಕತನ ಆಗಿರಲಿಲ್ಲ. ಮಹಾಡ್ ಸಮ್ಮೇಳನದ ಹೊತ್ತಿಗೆ ಅವರು ಹೆಣ್ಣುಮಕ್ಕಳಿಗೆ ಬೇರೆಯಾಗಿ ಮಾತಾಡಿದರು. ಜಾತಿ ತೋರಿಸೋ ಹಾಗೆ ಸೀರೆ ಉಡೋದು ಬಿಡ್ರಿ, ಜಾತಿ ತೋರಿಸೋ ದಪ್ಪ ಒಡವೆ ಬಿಡ್ರಿ, ತೇಪೆ ಇದ್ದರೂ ಚಿಂತಿಲ್ಲ ಶುಚಿ ಇರಲಿ ಅನ್ನೋದು ಆ ಮಾತಿನ ತಾತ್ಪರ್ಯ. ರಮಾಬಾಯಿಯವರ ಬಗ್ಗೆ ನಮ್ಮಲ್ಲಿ ಒಂದು ಕತೆ ಹೇಳ್ತಾರೆ. ಬಾಬಾಸಾಹೇಬರ ಸನ್ಮಾನಕ್ಕೆ ಹೋಗೋಕೆ ಉಡುವಂಥ ಸೀರೆ ಇಲ್ಲದೆ, ಶಾಹು ಮಹಾರಾಜರು ಕೊಟ್ಟಿದ್ದ ಜರಿ ರುಮಾಲನ್ನೇ ಸೀರೆ ಮಾಡಿ ಉಟ್ಟು ಹೋದರು ಅಂತ. ಯಾರೋ ಹಳೇ ಸೀರೆ ಕೊಟ್ಟರು, ಉಟ್ಟರು ಅಂತ ನಮ್ಮ ಜನ ಕತೆ ಕಟ್ಟಲಿಲ್ಲ, ನೋಡ್ರಿ.

ಗ್ಯಾರಂಟಿ ಬಂದ ಮೇಲಂತೂ ಇನ್ನೊಂದು ಹೊಟ್ಟೆಕಿಚ್ಚು ಶುರುವಾಗೇತಿ. 2023ರ ಜೂನ್‌ನಿಂದ ಬಸ್ ಫ್ರೀ, ಆಗಸ್ಟ್ ಕೊನೆಯಿಂದ ಗೃಹಲಕ್ಷ್ಮಿ ಎರಡು ಸಾವಿರ. "ಫ್ರೀ ಬಸ್ಸಿನಾಗ ಹುಬ್ಬಳ್ಳಿಗೆ ಹೋಗಿ ಜವಳಿ ಸಾಲಿನಾಗ ಸೀರೆ ತರ್ತಾವು, ಕೂಲಿಗೆ ಕರದ್ರ ಬರೋದಿಲ್ಲ." ಹೌದ್ರೀ, ತರ್ತಾರ. ಹೋಗಿ ತರಲಿ. ಹಾನಗಲ್, ಹಿರೇಕೆರೂರಿನ ಹೊಲಗಳಲ್ಲಿ ಗೋವಿನಜೋಳ ತುಂಬೋಕಿಂತ ಮೊದಲು ಹತ್ತಿ ಬಿಡಿಸಿದವರು ಯಾರು? ಇದೇ ಹೆಣ್ಣುಮಕ್ಕಳು. ಮುಂಜಾನೆ ಇಬ್ಬನಿಯಲ್ಲಿ ಹೋಗಿ, ಹತ್ತಿಕಾಯಿ ಮುಳ್ಳಿಗೆ ಬೆರಳು ಸೀಳಿಸಿಕೊಂಡು. ಶಿಗ್ಗಾಂವಿ ಕಡೆ ಗಾರ್ಮೆಂಟ್ಸ್‌ಗೆ ಬಸ್ ಹತ್ತೋರು ಯಾರು? ಇವರ ಮಕ್ಕಳು. ಬಿತ್ತಿದ ಕೈ, ಬಿಡಿಸಿದ ಕೈ, ಹೊಲಿದ ಕೈ ಎಲ್ಲಾ ನಮ್ಮದು. ಅದೇ ಬಟ್ಟೆ ಪೇಟೆಗೆ ಹೋಗಿ, ನಿಮ್ಮ ಮನೆಗೆ ಬಂದು, ನಾಲ್ಕು ವರ್ಷ ನಿಮ್ಮ ಮೈಮೇಲೆ ಇದ್ದು, ಬಣ್ಣ ಹೋದ ಮೇಲೆ ನಮ್ಮ ಕೇರಿಗೆ ದಾನ ಆಗಿ ಬರಬೇಕಾ?

ಆ ನಾಲ್ಕು ವರ್ಷದ ಬಟ್ಟೆಯಲ್ಲೂ ಚಲೋದು ನಮಗೆ ಬರೋದಿಲ್ಲ, ಗೊತ್ತಿರಲಿ. ಓಣಿಯೊಳಗೆ 'ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ' ಅಂತ ಕೂಗ್ತಾ ಬುಟ್ಟಿ ಹೊತ್ತು ಬರ್ತಾರಲ್ಲ, ಜರಿ ಸೀರೆ, ಗಟ್ಟಿ ಪ್ಯಾಂಟು ಎಲ್ಲಾ ಅವರಿಗೆ ಹೋಗ್ತಾವು. ಮೂರು ಸೀರೆ ಕೊಟ್ಟರೆ ಒಂದು ಡಬರಿ. ಪಾತ್ರೆಯವರೂ ಬೇಡ ಅಂದಿದ್ದು ಉಳೀತೈತಿ: ಗುಂಡಿ ಇಲ್ಲದ ಅಂಗಿ, ಝಿಪ್ ಹೋದ ಪ್ಯಾಂಟು, ಬಗಲು ಹರಿದ ಸ್ವೆಟರ್. ಅದು ಅಭಿಯಾನಕ್ಕೆ! ಹೋದ ವರ್ಷ ಒಂದು ಕಡೆ ಹಂಚಿದ ಗಂಟು ನಾನೇ ಬಿಚ್ಚಿ ನೋಡಿದೀನಿ. ಅದರಲ್ಲಿ ಒಂದು ಕಾಲುಚೀಲ ಇತ್ತು. ಒಂದು ಜೊತೆ ಅಲ್ಲ, ಒಂದೇ.

ಇದಕ್ಕೆ ಉತ್ತರ ನಮ್ಮ ಕೇರಿಯಿಂದಲೇ ಬಂತು, ಅದನ್ನೂ ಮುಚ್ಚಿಡೋದಿಲ್ಲ. ಬರಬ್ಯಾಡ್ರಿ ಅಂತ ಫೋನ್ ಮಾಡಿದ ಸುದ್ದಿ ಕೇಳಿ, ಹಿಂದಿನ ಸಾಲಿನ ಮನೆಯ ಒಬ್ಬ ಅಜ್ಜಿ ನನ್ನ ಬಾಗಿಲಿಗೆ ಬಂದು ನಿಂತಳು. "ನಿನಗ ಪಗಾರ ಐತಿ, ಅದಕ್ಕ ನಿನಗ ಮಾನ ಐತಿ. ನನಗ ಥಂಡಿ ಐತೋ ಎಪ್ಪಾ. ಸ್ವೆಟರ್ ಕೊಡ್ತಿದ್ರು, ತಪ್ಪಿಸಿದಿ" ಅಂದಳು. ಸುತ್ತ ನಾಲ್ಕು ಮಂದಿ ಇದ್ದರು. ಯಾರೂ ಮಾತಾಡಲಿಲ್ಲ.

ಆ ಅಜ್ಜಿಯ ಮಾತು ಸಣ್ಣದಲ್ಲ. ಥಂಡಿಗೆ ಸಿದ್ಧಾಂತ ಹೊದಿಸೋಕೆ ಆಗೋದಿಲ್ಲ. ಬೇಕಾದವರು ತಗೊಂಡರೆ ಅವರನ್ನ ಬೈಯೋ ಹಕ್ಕು ನನಗೂ ಇಲ್ಲ, ಯಾವ ಸಂಘಟನೆಗೂ ಇಲ್ಲ. ಸಂತೆಯಲ್ಲಿ ಸೆಕೆಂಡ್ ಹ್ಯಾಂಡ್ ರಾಶಿಯೊಳಗೆ ಕೈ ಹಾಕಿ, ಎಳೆದು ನೋಡಿ, ಚೌಕಾಸಿ ಮಾಡಿ ನೂರು ರೂಪಾಯಿಗೆ ಸ್ವೆಟರ್ ತರೋರನ್ನ ನಾನು ಯಾವತ್ತೂ ಏನೂ ಅಂದಿಲ್ಲ. ಅಲ್ಲಿ ಆರಿಸೋದು ಅವರು, ಬೇಡ ಅನ್ನೋದೂ ಅವರು. ರೊಕ್ಕ ಕೊಟ್ಟು ಎದ್ದು ಬಂದರೆ ಮುಗೀತು, ಯಾರ ಫೋಟೊಕ್ಕೂ ನಿಲ್ಲಬೇಕಾಗಿಲ್ಲ. ದಾನದ ಗಂಟಿನಲ್ಲಿ ಆರಿಸೋಕಾಗೋದಿಲ್ಲ. ಕೈಗೆ ಬಿದ್ದದ್ದು ತಗೊಂಡು, ಬ್ಯಾನರ್ ಕೆಳಗೆ ನಿಂತು, ನಗಬೇಕು. ನನ್ನ ಜಗಳ ಇರೋದು ಸ್ವೆಟರ್ ಜೊತೆ ಅಲ್ಲ, ಆ ಬ್ಯಾನರ್ ಜೊತೆ, ಆ ದಿನಾಂಕದ ಜೊತೆ. ಅಜ್ಜಿಗೆ ನಾವು ಐದು ಮಂದಿ ಸೇರಿ ಹೊಸ ಸ್ವೆಟರ್ ತಂದ್ವಿ. ಹಾನಗಲ್ ಪೇಟೆಗೆ ಅವಳನ್ನೇ ಕರಕೊಂಡು ಹೋದ್ವಿ. ಮೂರು ಅಂಗಡಿ ಅಡ್ಡಾಡಿಸಿದಳು. ಬೂದಿ ಬಣ್ಣದ್ದು ಚಲೋ ಐತಿ ಅಂತ ನಾವಂದ್ವಿ, ಅವಳು ಕೆಂಪೇ ಬೇಕು ಅಂದಳು.

ಶಾಲೆ ಮಕ್ಕಳ ವಿಷಯ ಒಂದೇ ಮಾತಿನಲ್ಲಿ ಹೇಳಿಬಿಡ್ತೀನಿ. ಸಮವಸ್ತ್ರ ಎರಡು ಜೊತೆ ಕೊಡಬೇಕು, ಶೂ ಕಾಲುಚೀಲ ಕೊಡಬೇಕು ಅಂತ ಹೈಕೋರ್ಟ್ 2019ರಲ್ಲೇ ಹೇಳಿದೆ. ಪಾಲಿಸಲಿಲ್ಲ ಅಂತ 2023ರಲ್ಲಿ ಮತ್ತೆ ಸರ್ಕಾರಕ್ಕೆ ಛೀಮಾರಿ ಹಾಕಬೇಕಾಯ್ತು. ಹಳೇ ಬಟ್ಟೆ ಕೂಡಿಸೋ ಗೆಳೆಯರೇ, ನಿಮ್ಮ ಅದೇ ಹುರುಪಿನಿಂದ ಬಿಇಒ ಆಫೀಸಿಗೆ ಹೋಗಿ, ಎರಡನೇ ಜೊತೆ ಎಲ್ಲಿ ಅಂತ ಕೇಳ್ರಿ. ಒಂದು ಅರ್ಜಿ ಸಾಕು, ಮನೆಮನೆ ತಿರುಗೋದು ತಪ್ಪುತ್ತೆ.

ಈಗ ರೊಕ್ಕದ ಮಾತು. ಬರೇ ಸ್ವಾಭಿಮಾನ ಅಂತ ಬರೆದರೆ ಅಜ್ಜಿ ಮತ್ತೆ ಬಾಗಿಲಿಗೆ ಬರ್ತಾಳೆ. ನನ್ನ ಕೈಗೆ ಬರೋದು ತಿಂಗಳಿಗೆ 19,200. ಮನೆಯಲ್ಲಿ ನಾಲ್ಕು ಮಂದಿ, ಹೆಂಡತಿ ಮನೆಯಲ್ಲೇ ಬ್ಲೌಸ್ ಹೊಲೀತಾಳೆ. ನಾವು ಬಟ್ಟೆಗೆ ಅಂತ ತಿಂಗಳಿಗೆ 900 ಎತ್ತಿಡ್ತೀವಿ. ನೂರಕ್ಕೆ ಐದೂ ಅಲ್ಲ. ವರ್ಷಕ್ಕೆ 10,800 ಆಯಿತು. ನನಗೆ ಎರಡು ಜೊತೆ: ಅಂಗಿ ಬಟ್ಟೆ 350, ಹೊಲಿಗೆ 350, ಪ್ಯಾಂಟು ಬಟ್ಟೆ 450, ಹೊಲಿಗೆ 500, ಒಂದು ಜೊತೆಗೆ 1,650. ಎರಡಕ್ಕೆ 3,300. ಅವಳಿಗೆ ಎರಡು ಸೀರೆ, ಲೈನಿಂಗು ದಾರ ಸೇರಿ 1,800, ಹೊಲಿಗೆ ಅವಳದೇ. ಮಗಳಿಗೆ ಮೂರು ಚೂಡಿ 2,100. ಮಗನಿಗೆ ಎರಡು ಜೊತೆ 2,200. ಉಳಿದ 1,400ರಲ್ಲಿ ಬನಿಯನ್, ಟವೆಲ್, ಚಪ್ಪಲಿ. ಕಡುಬಡವರಿಗೆ ಇದೂ ಆಗೋದಿಲ್ಲ, ಗೊತ್ತು. ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ಅಂತ 2025ರಲ್ಲಿ ಆಯಿತು. ಒಂದು ಜೊತೆ ಬಟ್ಟೆಗೆ ಹತ್ತಿರ ಹತ್ತಿರ ಐದು ದಿನ ಗುಂಡಿ ತೋಡಬೇಕು.

ಹೊಲಿಸೋದು ಯಾಕೆ, ರೆಡಿಮೇಡ್ ಅಗ್ಗ ಅಲ್ಲವಾ ಅಂತ ಕೇಳ್ತಾರೆ. ಸಂತೆಯ ಮುನ್ನೂರರ ಅಂಗಿ ಹತ್ತು ತೊಳೆತಕ್ಕೆ ಕಾಲರ್ ಮುದುಡಿ ನಾಯಿ ಕಿವಿ ಆಗ್ತೈತಿ, ಆಮೇಲೆ ಇಸ್ತ್ರಿ ಕೂರೋದಿಲ್ಲ. ಹೊಲಿಸಿದ್ದು ಎರಡು ವರ್ಷ ಬರ್ತೈತಿ, ಬಗಲಲ್ಲಿ ಬಟ್ಟೆ ಬಿಟ್ಟಿರ್ತಾರೆ, ಮೈ ದಪ್ಪ ಆದರೆ ಬಿಚ್ಚಿ ಹೊಲಿಸಬಹುದು. ಇನ್ನು ಕಂತಿನ ಸೀರೆ. ನಮ್ಮ ಹೆಣ್ಣುಮಕ್ಕಳ ನಿಜವಾದ ಶತ್ರು ಇದು. ಬೈಕಿನ ಮೇಲೆ ಗಂಟು ಕಟ್ಟಿಕೊಂಡು ಬರ್ತಾರೆ, ಪೇಟೆಯಲ್ಲಿ 800ಕ್ಕೆ ಸಿಗೋ ಸೀರೆ, ವಾರಕ್ಕೆ ನೂರರಂತೆ ಹನ್ನೆರಡು ವಾರ. ನಾನೂರು ರೂಪಾಯಿ ಹೆಚ್ಚಿಗೆ. ಅದರ ಜೊತೆಗೆ ಮೈಕ್ರೊ ಫೈನಾನ್ಸ್ ಕಂತು ಬೇರೆ. ಫೈನಾನ್ಸ್ ಕಾಟಕ್ಕೆ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಬಂತು, ಸೀರೆ ಕಂತಿಗೆ ಯಾವ ಆಜ್ಞೆನೂ ಇಲ್ಲ.

ಅದಕ್ಕೇ ನಾವು ಬಟ್ಟೆ ಚೀಟಿ ಶುರು ಮಾಡಿದ್ದು. ಮೂರು ವರ್ಷ ಆಯಿತು. ಹನ್ನೆರಡು ಮಂದಿ, ತಿಂಗಳಿಗೆ ತಲಾ 500. ಪ್ರತಿ ತಿಂಗಳು ಒಬ್ಬರಿಗೆ 6,000. ಹರಾಜು ಇಲ್ಲ, ಕಮಿಷನ್ ಇಲ್ಲ. ಪಂಚಮಿಗೆ ಮಗಳು ತವರಿಗೆ ಬರೋರಿದ್ದರೆ, ಮನೆಯಲ್ಲಿ ಮದುವೆ ಇದ್ದರೆ ಅವರಿಗೆ ಮೊದಲು, ಉಳಿದದ್ದು ಚೀಟಿ ಎತ್ತಿ. ನನ್ನ 900ರಲ್ಲಿ 500 ಇಲ್ಲಿಗೇ ಹೋಗುತ್ತೆ, 400 ಡಬ್ಬಿಯಲ್ಲಿ. ಒಂದೇ ಷರತ್ತು: ಆ ಆರು ಸಾವಿರ ಬಟ್ಟೆಗೇ ಆಗಬೇಕು. ಶುರುವಿನಲ್ಲಿ ಗಂಡಸರು ತಕರಾರು ತೆಗೆದರು, ರೊಕ್ಕ ಕೈಗೆ ಬಂದ ಮೇಲೆ ನಮ್ಮ ಇಷ್ಟ ಅಂತ. ಹೆಣ್ಣುಮಕ್ಕಳು ಒಪ್ಪಲಿಲ್ಲ. ಈಗ ಹಣ ಇಡೋದು, ಲೆಕ್ಕ ಬರೆಯೋದು ಇಬ್ಬರು ಹೆಣ್ಣುಮಕ್ಕಳೇ. ನನಗೆ ಬರೇ ಸಹಿ ಮಾಡೋ ಕೆಲಸ. ಎಂಟ್ಹತ್ತು ಮಂದಿ ಒಟ್ಟಿಗೆ ಹೋದರೆ ಅಂಗಡಿಯವರು ಪೀಸಿನ ಬೆಲೆಯನ್ನೂ ಇಳಿಸ್ತಾರೆ, ಅದು ನಮಗೆ ಆಮೇಲೆ ಗೊತ್ತಾಯಿತು. ಸೆಪ್ಟೆಂಬರ್ 2025ರಿಂದ 2,500 ರೂಪಾಯಿವರೆಗಿನ ರೆಡಿಮೇಡ್‌ಗೆ ಜಿಎಸ್‌ಟಿ ಐದೇ ಪರ್ಸೆಂಟ್. ಅಂಗಡಿಯಲ್ಲಿ ಕೇಳ್ರಿ, ಇಳಿಸಿದಾರೋ ಇಲ್ಲೋ.

ಪೋಸ್ಟರ್ ಮಾಡಿದ ಗೆಳೆಯರಿಗೆ ಒಂದು ದಾರಿ ಹೇಳ್ತೀನಿ. ನಿಜವಾಗ್ಲೂ ಕೊಡಬೇಕು ಅಂತಿದ್ದರೆ ನಿಮ್ಮ ಕಪಾಟು ತೆಗೀಬ್ಯಾಡ್ರಿ, ಪಾಕೀಟು ತೆಗೀರಿ. ಪೂರ್ತಿ ಕಂತು ಕಟ್ಟೋಕಾಗದ ಮೂರು ಮನೆ ನಮ್ಮ ಕೇರಿಯಲ್ಲಿ ಇದಾವೆ, ಅವರ ಅರ್ಧ ಕಂತು ಹಾಕ್ರಿ. ಹೆಸರು ಹೇಳೋದಿಲ್ಲ, ಫೋಟೊ ಸಿಗೋದಿಲ್ಲ, ಜಯಂತಿ ದಿನ ಸ್ಟೇಜ್ ಮೇಲೆ ಕುರ್ಚಿನೂ ಇಲ್ಲ. ಜಯಂತಿಗೆ ಬರ್ರಿ, ಬುಂದಿ ಇರ್ತೈತಿ, ಎಲ್ಲರ ಜೊತೆ ನಿಂತು ತಿನ್ರಿ. ನೀವೂ ಹೊಸ ಅಂಗಿ ಹಾಕ್ಕೊಂಡು ಬರ್ರಿ, ಎಷ್ಟು ಬಿತ್ತು ಅಂತ ನಾವು ಕೇಳೋದಿಲ್ಲ.

ಹೊಸ ಚೀಟಿ ಮೇ ತಿಂಗಳಿಂದ ಶುರು. ಹಾನಗಲ್ಲಿನದಕ್ಕೆ ಇನ್ನೂ ಎರಡು ಜಾಗ ಖಾಲಿ ಇವೆ. ಸವಣೂರಿನ ಗೆಳೆಯರು ತಾವೇ ಬೇರೆ ಚೀಟಿ ಮಾಡ್ತೀವಿ ಅಂದಿದಾರೆ, ಏಳು ಮಂದಿ ಆಗಿದಾರೆ. ಶಿಗ್ಗಾಂವಿ, ಹಿರೇಕೆರೂರಿನವರು ಇದ್ದರೆ ಕಮೆಂಟಿನಲ್ಲಿ ಬರೀರಿ, ಲೆಕ್ಕದ ಪುಸ್ತಕ ಹೆಂಗ ಇಡಬೇಕು ಅಂತ ನಮ್ಮ ಅಕ್ಕಂದಿರೇ ಬಂದು ತೋರಿಸ್ತಾರೆ. ಬರೋ ಭಾನುವಾರ ಮುಂಜಾನೆ ಹತ್ತಕ್ಕೆ ನಾವು ಹನ್ನೊಂದು ಮಂದಿ ಹುಬ್ಬಳ್ಳಿಗೆ ಹೊಂಟೀವಿ, ಜವಳಿ ಸಾಲಿಗೆ. ಹೆಣ್ಣುಮಕ್ಕಳು ಆಧಾರ್ ಕಾರ್ಡ್ ಮರೀಬ್ಯಾಡ್ರಿ.